ಟವರ್ ನಿಂತ ದಿನವೂ ನಡೆದ ಪಾಠ

13 ಜುಲೈ 2024, ಶನಿವಾರ
ತೀರ್ಥಹಳ್ಳಿ ತಾಲ್ಲೂಕು

ಪುನರ್ವಸು ಮಳೆ ಬಿಡುವು ಕೊಡದೆ ಸುರಿಯುತ್ತಿದೆ. ನಿನ್ನೆ ರಾತ್ರಿ ಹೋದ ಕರೆಂಟು ಇಂದು ಮಧ್ಯಾಹ್ನವಾದರೂ ಬಂದಿರಲಿಲ್ಲ, ಅದರ ಹಿಂದೆಯೇ ಮೊಬೈಲ್ ಟವರ್ ಕೂಡ ನಿಂತಿತ್ತು. ಆದರೂ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕಲಿಕೆ ನಿಂತಿರಲಿಲ್ಲ. ಗ್ರಂಥಾಲಯದ ಮೇಲ್ವಿಚಾರಕಿ ಬೇಕಾದ ವಿಡಿಯೋಗಳನ್ನು ನೆಟ್‌ವರ್ಕ್ ಇದ್ದಾಗಲೇ ಟ್ಯಾಬ್‌ಗೆ ಇಳಿಸಿಟ್ಟಿದ್ದರು.

ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಸಲು ಮಳೆ ಹೊಳವಾಗುವುದನ್ನೇ ಕಾಯುತ್ತಿರುವ, ಐವತ್ತು ದಾಟಿದ ಹೆಣ್ಣುಮಗಳೊಬ್ಬರು ಕೊಳೆರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ತಯಾರಿಸುವ ಪಾಠ ನೋಡುತ್ತಿದ್ದರು. 1 ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನು 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಆಮೇಲೆ ಶುಭ್ರವಾದ ಕಬ್ಬಿಣದ ಕತ್ತಿಯನ್ನು ಕೆಲವು ನಿಮಿಷ ಅದ್ದಿಟ್ಟು ನೋಡಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. "ಮೇಡಂ, ಆ ಕತ್ತಿ ಅದ್ದಿದ್ದನ್ನ ಇನ್ನೊಂದ್ಸಲ ತೋರಿಸಿ. ಇಷ್ಟು ವರ್ಷ ಹೊಡೆಯೋರು ಹೇಳಿದ್ದೇ ಅಳತೆ ಅಂತ ಇದ್ವಿ" ಎಂದರು. ಮೊಮ್ಮಗಳ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಳತೆಗಳನ್ನು ತಾವೇ ಬರೆದುಕೊಂಡರು. ಕೊಳೆರೋಗ ಬಂದರೆ ಒಂದು ವರ್ಷದ ದುಡಿಮೆಯೇ ಉದುರಿ ನೆಲ ಸೇರುವ ನಮ್ಮ ಸೀಮೆಯಲ್ಲಿ ಈ ಕಲಿಕೆಗೆ ಯಾವ ಪ್ರಮಾಣಪತ್ರವೂ ಬೇಕಿಲ್ಲ.

ಬದುಕಿನುದ್ದದ ಕಲಿಕೆ ಎಂದು ಸರ್ಕಾರದ ಕಡತಗಳು ಕರೆಯುವುದು ಇದನ್ನೇ ಆಗಿರಬೇಕು ಎಂಬುದು ನನ್ನ ಆಸೆ. 2022ರಿಂದ 2027ರವರೆಗಿನ ನವ ಭಾರತ ಸಾಕ್ಷರತಾ ಕಾರ್ಯಕ್ರಮವು 15 ವರ್ಷ ಮೀರಿದವರಿಗೆ ಓದು ಬರಹದ ಜೊತೆಗೆ ಡಿಜಿಟಲ್ ಮತ್ತು ಹಣಕಾಸಿನ ತಿಳಿವಳಿಕೆಯನ್ನೂ ಕೊಡಬೇಕೆನ್ನುತ್ತದೆ. ಉದ್ದೇಶ ಒಳ್ಳೆಯದು. ಆದರೆ ತಂತ್ರಜ್ಞಾನ ಬಂದಷ್ಟು ಸುಲಭವಾಗಿ ನೆಲೆಯೂರುವುದಿಲ್ಲ. ಶಿಕ್ಷಣಕ್ಕೆಂದೇ 2004ರಲ್ಲಿ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಪಾಠಗಳು ನಮ್ಮ ರಾಜ್ಯದಲ್ಲಿ ಮೊದಲಿಗೆ ಚಾಮರಾಜನಗರ ಜಿಲ್ಲೆಯ ಶಾಲೆಗಳನ್ನು ತಲುಪಿದವು. 2010ಕ್ಕೆ ಆ ಉಪಗ್ರಹದ ಸೇವೆಯೇ ಮುಗಿಯಿತು. 2020ರಲ್ಲಿ ಶಾಲೆ ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಹಾಗಾಗಿ ಇಳಿಸಿಕೊಂಡು ಇಟ್ಟುಕೊಳ್ಳಲು ಬಾರದ ಪಾಠ ನಮ್ಮ ಊರುಗಳ ಮಟ್ಟಿಗೆ ಅರ್ಧ ಪಾಠ ಎಂದೇ ನಾನು ನಂಬಿದ್ದೇನೆ. 2017ರಲ್ಲಿ ಬಂದ, ಶಾಲಾ ಪಾಠಗಳ ಸರ್ಕಾರಿ ಆ್ಯಪ್ ಆದ ದೀಕ್ಷಾದಲ್ಲಿ ಪಾಠವನ್ನು ಇಳಿಸಿಕೊಂಡು ನೆಟ್ ಇಲ್ಲದಾಗ ನೋಡಬಹುದು ಎಂಬುದು ಅದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸಿದ ಗುಣ.

ಸಾಧನಕ್ಕಿಂತಲೂ ಮುಖ್ಯವಾಗಿ ಜೊತೆಗೆ ಕೂತು ತೋರಿಸಿಕೊಡುವ ಮನುಷ್ಯ ಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ ಮೇಲೆ ಅನೇಕ ಕಡೆ ಕಂಪ್ಯೂಟರು, ಟ್ಯಾಬು ಬಂದಿವೆ. ಅವುಗಳ ಬ್ಯಾಟರಿ ಸತ್ತಾಗ ಹೊಸದನ್ನು ಯಾವ ಹಣದಿಂದ ಹಾಕಿಸಬೇಕು ಎಂದು ಮೇಲ್ವಿಚಾರಕಿ ಇಂದು ನನ್ನನ್ನು ಕೇಳಿದರು. ಮುಂದಿನ ಗ್ರಾಮಸಭೆಗೆ ಇಬ್ಬರೂ ಸೇರಿ ಅರ್ಜಿ ಬರೆದಿದ್ದೇವೆ: ವರ್ಷವರ್ಷವೂ ದುರಸ್ತಿಗೆಂದು ಒಂದಿಷ್ಟು ಹಣ ತೆಗೆದಿಡಬೇಕು, ಒಂದು ಇನ್ವರ್ಟರ್ ಬೇಕು, ತೋಟದ ಕೆಲಸ ಮುಗಿಸಿ ಬರುವವರಿಗಾಗಿ ಸಂಜೆಯೂ ಕೇಂದ್ರ ತೆರೆದಿರಬೇಕು. ಸೋಮವಾರ ಅದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಕೊಡುತ್ತೇವೆ.