ಶೋಧನಕ್ಕೆ ಮುಂಚೆ ಮಾತ್ರೆ ಚೀಲ ತೋರಿಸಿ

ಶೋಧನ ಎಂದರೆ ದೇಹಶುದ್ಧಿಯ ಚಿಕಿತ್ಸೆ. ವಸಂತದಲ್ಲಿ ವಮನ (ವಾಂತಿ ಮಾಡಿಸುವುದು), ಮಳೆಗಾಲದಲ್ಲಿ ಬಸ್ತಿ (ಗುದದ ಮೂಲಕ ಔಷಧ ಕೊಡುವುದು), ಶರತ್ತಿನಲ್ಲಿ ವಿರೇಚನ (ಭೇದಿ ಮಾಡಿಸುವುದು) ಎಂದು ಆಯುರ್ವೇದ ಶಾಸ್ತ್ರ ಹೇಳುತ್ತದೆ. ಮಲೆನಾಡಿನಲ್ಲಿ ಈ ವಮನದ ಕಾಲವೇ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವವೂ ಆಗಬಹುದು. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಬರುತ್ತದೆ. ಆದ್ದರಿಂದ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರನ್ನು ಮೊದಲು ಕೇಳಬೇಕಾದ್ದು ಇದು: ಈಚೆಗೆ ಜ್ವರ ಬಂದಿತ್ತೇ, ದರಗು (ಒಣ ಎಲೆ) ತರಲು ಕಾಡಿಗೆ ಹೋಗಿದ್ದಿರಾ, ಈ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಕಚ್ಚಿತ್ತೇ? ಸಂಶಯ ಬಂದರೆ ರಕ್ತಪರೀಕ್ಷೆ ಆಗುವವರೆಗೆ ವಮನವೂ ಬೇಡ, ಜಿಗಣೆ ಹಚ್ಚಿ ರಕ್ತ ತೆಗೆಯುವುದೂ ಬೇಡ.

ಎರಡನೆಯದು ರೋಗಿ ದಿನಾ ನುಂಗುವ ಮಾತ್ರೆ. ನಾಡಿ, ಕೋಷ್ಠ (ಹೊಟ್ಟೆ ಸಡಿಲವೋ ಬಿಗಿಯೋ ಎಂಬುದು), ಅಗ್ನಿ (ಜೀರ್ಣಶಕ್ತಿ) ಎಲ್ಲ ನೋಡಿ ಮಾತ್ರೆ ಚೀಲ ಬಿಚ್ಚಿಸದೆ ಇರುವುದೇ ಅಪಾಯದ ಮೂಲ ಎಂಬುದು ನಮ್ಮ ಅಭಿಪ್ರಾಯ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ವಿರೇಚನ ಕೊಟ್ಟರೆ ನೀರಿನ ಜೊತೆ ಪೊಟ್ಯಾಸಿಯಂ ಕುಸಿದು ಎದೆಬಡಿತ ತಪ್ಪಬಹುದು. ಹೃದಯದ ಮಾತ್ರೆ ಡಿಗಾಕ್ಸಿನ್ ಕೂಡ ಇದ್ದರೆ ಅಪಾಯ ಇನ್ನೂ ಜಾಸ್ತಿ. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಹಳೆಯ ಪ್ರಮಾಣದಲ್ಲೇ ನಡೆದು, ಊಟ ಮಾತ್ರ ತಿಳಿಗಂಜಿಗೆ ಇಳಿದರೆ ಸಕ್ಕರೆ ಪಾತಾಳಕ್ಕೆ ಹೋಗುತ್ತದೆ. ಸಕ್ಕರೆಗೇ ಕೊಡುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಲ್ಲಿ ಇನ್ನೊಂದು ಮೋಸ: ಉಪವಾಸ, ಭೇದಿಯಲ್ಲಿ ರಕ್ತ ಆಮ್ಲೀಯವಾಗಬಹುದು, ಗ್ಲುಕೋಮೀಟರ್ ಮಾತ್ರ ಹೆಚ್ಚೇನೂ ತೋರಿಸದಿರಬಹುದು. ಮಾತ್ರೆ ಬರೆದ ವೈದ್ಯರ ಜೊತೆ ಮಾತಾಡಿ ಮುಂಚೆಯೇ ಪ್ರಮಾಣ ತೀರ್ಮಾನಿಸಬೇಕು. ರೋಗಿ ತಾನೇ ನಿಲ್ಲಿಸುವುದೂ ತಪ್ಪು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಕ್ಲೋಪಿಡೊಗ್ರೆಲ್ ಇದ್ದವರಿಗೆ ಜಿಗಣೆ ಹಚ್ಚಬಾರದು, ಗಾಯದ ರಕ್ತ ಬೇಗ ನಿಲ್ಲುವುದಿಲ್ಲ.

ಶೋಧನಕ್ಕೆ ಮುಂಚೆ ತುಪ್ಪ ಕುಡಿಸುವ ಸ್ನೇಹಪಾನವನ್ನು ಹಗುರ ಎಂದುಕೊಳ್ಳುವವರಿದ್ದಾರೆ. ಸುಮಾರು 30 ಮಿಲಿಯಿಂದ ಶುರುಮಾಡಿ ದಿನದಿನ ಏರಿಸುತ್ತ 3ರಿಂದ 7 ದಿನ ತುಪ್ಪ ಕುಡಿಸುವಾಗ ಪಿತ್ತಕೋಶದ ಕಲ್ಲು ನೋವು ಕೆದಕಬಹುದು. ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ತೀರಾ ಹೆಚ್ಚಿದ್ದವರಿಗೆ ಮೇದೋಜ್ಜೀರಕ ಗ್ರಂಥಿಯ ಉರಿಯೂತದ ಭಯವಿದೆ. ಊಟವಾದ ಮೇಲೆ ಬಲಪಕ್ಕೆಯಲ್ಲಿ ನೋವು ಬರುತ್ತದೆ ಎಂದವರಿಗೆ ಮೊದಲು ಹೊಟ್ಟೆ ಸ್ಕ್ಯಾನ್.

ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ, ಲಿವರ್ ಪರೀಕ್ಷೆ ಎಲ್ಲರಿಗೂ ಬೇಕು. ವಯಸ್ಸಾದವರಿಗೆ, ಬಿಪಿ ಇದ್ದವರಿಗೆ ಇಸಿಜಿ ಸಹ. ಗರ್ಭಿಣಿ, ಹೃದ್ರೋಗಿ, ಹೊಟ್ಟೆಹುಣ್ಣಿನವರು, ರಕ್ತವಾಂತಿ ಆದವರು ವಮನಕ್ಕೆ ಅನರ್ಹರು. ಮಳೆಗಾಲದಲ್ಲಿ ಗದ್ದೆ ಕೆಸರಲ್ಲಿ ದುಡಿದು ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಎಂದು ಬಂದವರಲ್ಲಿ ಇಲಿಜ್ವರವಿರಬಹುದು. ಅದು ಮೂತ್ರಪಿಂಡಕ್ಕೆ ಇಳಿದಿದ್ದರೆ ಸೈಂಧವ ಉಪ್ಪು ಬೆರೆಸಿದ ಬಸ್ತಿ ಕೊಡುವುದು ದೊಡ್ಡ ತಪ್ಪು. ಅವರನ್ನು ಅಂದೇ ಜಿಲ್ಲಾಸ್ಪತ್ರೆಗೆ ಕಳಿಸಿ.