ನೀರು ಬಿಡಿ, ಕೆಂಡದ ಬಗ್ಗೆ ಕೇಳಿ

"ಹುಕ್ಕಾ ಹೊಗೆ ನೀರಲ್ಲಿ ಸೋಸಿ ಬರುತ್ತೆ, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಲ್ವಾ?"

ಥಾಣೆಯಲ್ಲಿ ಉಸಿರಿನ ಪರೀಕ್ಷೆ ಮಾಡುವ ಕೆಲಸ ನನ್ನದು. ದಿನವಿಡೀ "ಊದಿ, ಊದಿ, ಇನ್ನೂ ಊದಿ" ಅಂತ ಕೂಗಿ ಗಂಟಲು ಕಟ್ಟಿರುತ್ತದೆ. ಮದುವೆ ಊಟಕ್ಕೆ ಕೂತರೂ ಇದೇ ಪ್ರಶ್ನೆ, ಕೊನೆಗೊಂದು "ಅಲ್ವಾ" ಬೇರೆ. ಇವರಿಗೆ ಬೇಕಿರುವುದು ಉತ್ತರ ಅಲ್ಲ, ನನ್ನ ಸಹಿ.

ಅಲ್ಲ. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ಅಷ್ಟೇ. ಟಾರು, ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಎಲ್ಲ ಗುಳುಗುಳು ಅಂತ ದಾಟಿ ಬರುತ್ತವೆ. ಗಂಟಲು ಉರಿಯುವುದಿಲ್ಲ, ಹಾಗಾಗಿ ಇನ್ನೂ ಆಳಕ್ಕೆ ಎಳೆಯುತ್ತಾರೆ. ಒಂದು ಗಂಟೆ ಕೂತರೆ ಒಳಗೆ ಹೋಗುವ ಹೊಗೆ ಒಂದು ಸಿಗರೇಟಿನ 100ರಿಂದ 200 ಪಟ್ಟು ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಹೇಳಿದೆ. ಹಳೇ ಹುಕ್ಕಾದವರು ನನ್ನ ಮುಂದೆ ಆರು ಸೆಕೆಂಡು ಊದುವಷ್ಟರಲ್ಲಿ ಕೆಮ್ಮು ಹತ್ತುತ್ತದೆ. ಒಂದೇ ನಳಿಗೆ ಐದು ಬಾಯಿ, ಅದೂ ಟಿಬಿ ಇರುವ ಊರಲ್ಲಿ. ನೀವು ಎಳೆದಿಲ್ವಾ ಅಂತೀರಾ? ಎಳೆದಿದ್ದೇನೆ, ಪುಣೆಯಲ್ಲಿ, ಎರಡು ಸಲ. ಸೇಬಿನ ಫ್ಲೇವರ್. ಮುಂದೆ ಹೋಗೋಣ.

ಮುಂಬಯಿಯ ಕಮಲಾ ಮಿಲ್ಸ್ ಪಬ್ಬುಗಳಲ್ಲಿ, ಹುಕ್ಕಾ ಕೆಂಡದಿಂದಲೇ ಹತ್ತಿತು ಅನ್ನಲಾದ ಬೆಂಕಿಯಲ್ಲಿ 14 ಜನ ಸತ್ತ ಮೇಲೆ, 2018ರಲ್ಲಿ ಮಹಾರಾಷ್ಟ್ರದಲ್ಲಿ ಹುಕ್ಕಾ ಪಾರ್ಲರ್ ಬಂದ್ ಆಯಿತು. ಹುಕ್ಕಾ ಸೀದಾ ಮನೆಗೇ ಬಂತು. ಹೋದ ಮಳೆಗಾಲ ಡೊಂಬಿವಲಿಯಲ್ಲಿ ನಮ್ಮಣ್ಣನ ಮಗ ಕಿಟಕಿ ಮುಚ್ಚಿ, ಎಸಿ ಹಾಕಿ, ಗೆಳೆಯರ ಜೊತೆ ಕೂತಿದ್ದ. ರಾತ್ರಿ ಅತ್ತಿಗೆ ಫೋನು: ಹುಡುಗನಿಗೆ ತಲೆನೋವು, ವಾಂತಿ, ವಡಾಪಾವ್ ಕೆಟ್ಟಿತ್ತೇನೋ. ಅವನು ಫೋನು ಕಿತ್ತುಕೊಂಡು, "ಅತ್ತೆ, ಆಕ್ಸಿಮೀಟರ್ 98 ತೋರಿಸ್ತಿದೆ, ಲಂಗ್ಸ್ ಫಸ್ಟ್‌ಕ್ಲಾಸ್!" ಅಂದ. ಕೋವಿಡ್ ಕಾಲದಲ್ಲಿ ನಾನೇ ಕೊಡಿಸಿದ್ದು ಅದು. ರಕ್ತಕ್ಕೆ ಅಂಟಿಕೊಂಡಿರುವುದು ಆಕ್ಸಿಜನ್ನೋ ಮೊನಾಕ್ಸೈಡೋ ಅಂತ ಆ ಕ್ಲಿಪ್ಪಿಗೆ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದಾಗಲೇ ಮೊನಾಕ್ಸೈಡ್ ಅಂತ ಗೊತ್ತಾಗಿದ್ದು. ಮಾಸ್ಕ್ ಹಾಕಿ ಗಂಟೆಗಟ್ಟಲೆ ಆಕ್ಸಿಜನ್ ಕೊಟ್ಟರು.

"ನೀರು ಹೊಸದಾಗಿ ಹಾಕಿದ್ದೆ ಅತ್ತೆ" ಅಂದ.

ಕೆಳಗಿನ ನೀರನ್ನೇ ನೋಡುತ್ತೀರಿ, ಮೇಲೆ ಕೆಂಡ ಕೂತಿದೆಯಲ್ಲ, ಅದರ ಬಗ್ಗೆ ಯಾಕೆ ಯಾರೂ ಕೇಳುವುದಿಲ್ಲ? ತಂಬಾಕಿಲ್ಲದ 'ಹರ್ಬಲ್' ಆದರೂ ಕೆಂಡ ಅದೇ, ಅದು ಉಗುಳುವ ಮೊನಾಕ್ಸೈಡ್ ಅದೇ. ಹಾಸನದಲ್ಲಿ ನಮ್ಮಜ್ಜಿ ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ತರುವ ಮೊದಲು ಹಿತ್ತಲಲ್ಲಿಟ್ಟು, ಕೆಂಡದ ಮೇಲಿನ ನೀಲಿ ಉರಿ ಇಳಿಯುವ ತನಕ ಕಾಯುತ್ತಿದ್ದರು. ಒಳಗೆ ತಂದ ಮೇಲೆ ಕಿಟಕಿ ಅರ್ಧ ತೆಗೆದೇ ಇರಬೇಕು. ಮಗುವಿಗೆ ಚಳಿ ಅಂತ ಯಾರಾದರೂ ಮುಚ್ಚಿದರೆ ಸಹಸ್ರನಾಮ.

ಇದನ್ನೆಲ್ಲ ಅಣ್ಣನ ಮಗನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಹಾಗಾದ್ರೆ ಕಿಟಕಿ ತೆಗೆದು ಎಳೆದ್ರೆ ಪರವಾಗಿಲ್ಲ, ಅಲ್ವಾ ಅತ್ತೆ?"