ತೂಬಿನ ಕೀಲಿ

ಹದಿನೆಂಟು ವರ್ಷಗಳ ಹಿಂದೆ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಹಳ್ಳಿಯೊಂದರ ಕೆರೆ ದಂಡೆಯ ಮೇಲೆ ನಡೆದ ಸಭೆಯಲ್ಲಿ ವಯಸ್ಸಾದ ರೈತರೊಬ್ಬರು ಎದ್ದು ನಿಂತು, ‘ಕೆರಿ ನಿಮ್ದು ನಿಮ್ದು ಅಂತೀರಿ, ತೂಬಿನ ಕೀಲಿ ಮಾತ್ರ ನಿಮ್ಮ ಕಡೇನ ಇಟ್ಕೊಂಡೀರಲ್ರೀ’ ಎಂದರು. ತೂಬೆಂದರೆ ಕೆರೆಯ ನೀರನ್ನು ಹೊಲಗಳಿಗೆ ಬಿಡುವ ಬಾಗಿಲು. ಧಾರವಾಡದ ಸ್ವಯಂಸೇವಾ ಸಂಸ್ಥೆಯೊಂದರ ಪರವಾಗಿ ಆ ಊರಿನಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟುವ ಕೆಲಸ ನನ್ನದಾಗಿತ್ತು. ಬಂದಿದ್ದ ಅಧಿಕಾರಿಗಳು ನಕ್ಕರು, ನಾನೂ ನಕ್ಕೆ. ನಡಾವಳಿ ಬರೆಯುತ್ತಿದ್ದವನು ನಾನೇ. ಆ ಮಾತನ್ನು ಬರೆದುಕೊಳ್ಳಲಿಲ್ಲ.

ಸರ್ಕಾರವೂ ಜನರ ಸಂಘಗಳೂ ಕೈಜೋಡಿಸಿ ಊರು ಕಟ್ಟಬೇಕೆಂಬ ಮಾತು ನಮ್ಮ ಭಾಗಕ್ಕೆ ಯೋಜನೆಯ ರೂಪದಲ್ಲಿ ದೊಡ್ಡದಾಗಿ ಬಂದದ್ದು ಈ ಶತಮಾನದ ಆರಂಭದಲ್ಲಿ. ವಿಶ್ವಬ್ಯಾಂಕಿನ ನೆರವಿನ ಸುಜಲ ಜಲಾನಯನ ಯೋಜನೆ 2001ರಲ್ಲಿ ಐದು ಜಿಲ್ಲೆಗಳಲ್ಲಿ ಆರಂಭವಾದಾಗ ಧಾರವಾಡ ಮತ್ತು ಹಾವೇರಿ ಅವುಗಳಲ್ಲಿ ಸೇರಿದ್ದವು. ಮರುವರ್ಷ ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆಗಳ ಪುನಶ್ಚೇತನದ ಯೋಜನೆ ಬಂತು. ಎರಡರಲ್ಲೂ ಹಣ ಮತ್ತು ತಾಂತ್ರಿಕ ಮಂಜೂರಾತಿ ಸರ್ಕಾರದ್ದು, ಜನರನ್ನು ಸಂಘಟಿಸುವ ಹೊಣೆ ಸ್ವಯಂಸೇವಾ ಸಂಸ್ಥೆಗಳದ್ದು, ವಂತಿಗೆ ಮತ್ತು ಮುಂದಿನ ನಿರ್ವಹಣೆ ಊರವರದ್ದು.

ಇವುಗಳಲ್ಲಿ ಒಳ್ಳೆಯದು ಏನೂ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಹನುಮಪ್ಪನ ಗುಡಿಯ ಮುಂದೆ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಸುತ್ತಿದ್ದ ದಿನ, ಅಲ್ಲಿಯವರೆಗೆ ಕಂಬಕ್ಕೆ ಒರಗಿ ಕುಳಿತಿದ್ದ ಅಜ್ಜಿಯೊಬ್ಬರು ಎದ್ದು ಬಂದು, ಎಂಜಿನಿಯರ್ ಗುರುತಿಸಿದ್ದ ಹಳ್ಳವನ್ನು ಸೆರಗಿನಿಂದ ಒರೆಸಿ, ಒಂದು ಮಾರು ಆಚೆಗೆ ಹೊಸ ಗೆರೆ ಎಳೆದರು. ಮಳೆ ಜೋರಾದಾಗ ನೀರು ಕೆರೆಗೆ ಬರುವುದು ಈ ದಾರಿಯಲ್ಲಿ, ನೀವು ಬರೆದದ್ದು ಎತ್ತಿನ ಬಂಡಿಯ ಜಾಡು ಎಂದು ಅವರ ವಾದ. ಮರುದಿನ ಹೋಗಿ ನೋಡಿದರೆ ಅಜ್ಜಿಯ ಗೆರೆಯೇ ಸರಿ. ಪೂರಕ ಕಾಲುವೆಯ ಹೂಳು ತೆಗೆಯುವ ಅಂದಾಜುಪಟ್ಟಿ ಆ ಗೆರೆಯ ಮೇಲೆಯೇ ತಯಾರಾಯಿತು. ಯಂತ್ರದ ಖರ್ಚು ಯೋಜನೆಯದ್ದು, ತೆಗೆದ ಗೋಡು, ಅಂದರೆ ಹೂಳುಮಣ್ಣು, ಹೊತ್ತೊಯ್ಯುವ ಖರ್ಚು ರೈತರದ್ದು ಎಂದು ಮಾತಾಗಿತ್ತು. ಒಂದು ಬೇಸಿಗೆಯಿಡೀ ಟ್ರ್ಯಾಕ್ಟರುಗಳು ಸಾಲುಗಟ್ಟಿ, ಕೆರೆಯ ಕಪ್ಪು ಮಣ್ಣು ಕೆಂಪು ಮಣ್ಣಿನ ಮಸಾರಿ ಹೊಲಗಳಿಗೆ ಹೋಯಿತು.

ಆದರೆ ವಂತಿಗೆಯ ರಸೀದಿ ಪುಸ್ತಕ ಹೇಳುವ ಕಥೆ ಬೇರೆ. ಕೆರೆಯ ನೀರು ಹರಿಯುವ ಅಚ್ಚುಕಟ್ಟಿನಲ್ಲಿ ಹೊಲವಿದ್ದವರು ಲೆಕ್ಕ ಹಾಕಿ ಕೊಟ್ಟರೆ, ಹೊಲವಿಲ್ಲದವರು ಕೂಲಿಯಲ್ಲಿ ಮುರಿದುಕೊಂಡು ಕೊಟ್ಟರು. ಕೊನೆಯ ಕಂತು ಬರಬೇಕಾದರೆ ವಂತಿಗೆ ಪೂರ್ತಿಯಾಗಿರಬೇಕೆಂಬ ನಿಯಮವಿದ್ದುದರಿಂದ, ಗುತ್ತಿಗೆದಾರನೇ ಬಾಕಿ ಹಣ ತುಂಬಿ ಊರವರ ಹೆಸರಿನಲ್ಲಿ ರಸೀದಿ ಹರಿಸಿದ್ದೂ ಉಂಟು. ಸಂಬಂಧಪಟ್ಟ ಕಚೇರಿಗೆ ಇದು ಗೊತ್ತಿತ್ತು, ನನಗೂ ಗೊತ್ತಿತ್ತು. ವರದಿಯಲ್ಲಿ ‘ಸಮುದಾಯದ ಪಾಲುದಾರಿಕೆ ಪೂರ್ಣ’ ಎಂದು ಬರೆದವನು ನಾನೇ ಆದ್ದರಿಂದ ದೂರುವ ಹಕ್ಕು ನನಗೆ ಅರ್ಧ ಮಾತ್ರ.

ಯೋಜನೆ ಮುಗಿದ ಮೇಲೆ ಸಂಘದ ಕೈಯಲ್ಲಿ ಉಳಿದದ್ದು ರಬ್ಬರ್ ಮೊಹರು ಮತ್ತು ದಂಡೆ ಕಾಯುವ ಹೊಣೆ. ನಮ್ಮಲ್ಲಿ ನಲವತ್ತು ಹೆಕ್ಟೇರಿನವರೆಗೆ ಅಚ್ಚುಕಟ್ಟಿರುವ ಕೆರೆಗಳು ಪಂಚಾಯತಿ ವ್ಯವಸ್ಥೆಗೆ ಸೇರಿದರೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಆ ಊರಿನ ಕೆರೆ ಇಲಾಖೆಯದ್ದು. ನೀರು ಯಾವಾಗ ಬಿಡಬೇಕೆಂಬುದನ್ನು ತೂಬು ನೋಡಿಕೊಳ್ಳುವ ಸೌಡಿ ಮೇಲಿನ ಅಧಿಕಾರಿಗಳನ್ನು ಕೇಳಿ ತೀರ್ಮಾನಿಸುತ್ತಿದ್ದ. ಮೀನಿನ ಹರಾಜಿನ ಹಣ ಸಂಘದ ಪೆಟ್ಟಿಗೆಗೆ ಬರಲೇ ಇಲ್ಲ. ಆದಾಯವಿಲ್ಲದ ಸಂಘ ಬಿರುಕು ಬಿಟ್ಟ ಕೋಡಿಯನ್ನು ಯಾವ ದುಡ್ಡಿನಿಂದ ದುರಸ್ತಿ ಮಾಡಿಸೀತು?

ಜನರಿಗೆ ಸಂಘ ನಡೆಸಲು ಬರುವುದಿಲ್ಲ ಎನ್ನುವವರು ಗದಗಿನ ಕಣಗಿನಹಾಳವನ್ನು ನೆನೆಯಬೇಕು. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ತಂದ ಮರುವರ್ಷವೇ ಅಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು, ಏಷ್ಯಾದ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಕಾನೂನು ಸರ್ಕಾರದ್ದಾದರೂ ಸಾಲ ಯಾರಿಗೆ ಕೊಡಬೇಕೆಂಬ ತೀರ್ಮಾನ ಊರಿನದ್ದಾಗಿತ್ತು. ಅದೇ ಜಿಲ್ಲೆಯ ನರಗುಂದದಲ್ಲಿ 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಬಂಡೆದ್ದದ್ದು, ನೀರು ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ ಕೇಳಲು ಬಂದವರ ವಿರುದ್ಧ. ಮುಂದೆ ಕಾಲುವೆಗಳ ಮೇಲೆ ನೀರು ಬಳಕೆದಾರರ ಸಹಕಾರ ಸಂಘಗಳನ್ನು ಕಟ್ಟಲು ಹೊರಟವರು ಈ ಇತಿಹಾಸವನ್ನು ತಲೆಯಲ್ಲಿಟ್ಟುಕೊಂಡೇ ರೈತರ ಮುಂದೆ ಕೂರಬೇಕಾಗಿತ್ತು.

ಕಳೆದ ಮಳೆಗಾಲದಲ್ಲಿ ಆ ಊರಿಗೆ ಮತ್ತೆ ಹೋಗಿದ್ದೆ. ಸಂಘದ ಫಲಕದ ಮೇಲೆ ಯಾರೋ ಟ್ರ್ಯಾಕ್ಟರ್ ಮಾರಾಟದ ಚೀಟಿ ಅಂಟಿಸಿದ್ದರು. ತೂಬಿನ ಹಳೆಯ ಬೀಗ ತುಕ್ಕು ಹಿಡಿದು ನೇತಾಡುತ್ತಿತ್ತು. ಹನ್ನೊಂದು ಜನ ರೈತರು ಹಣ ಕೂಡಿಸಿ ಕಮ್ಮಾರನಿಂದ ತೂಬು ತೆರೆಯುವ ಹೊಸ ಹಿಡಿಕೆ ಮಾಡಿಸಿ, ಹನುಮಪ್ಪನ ಗುಡಿಯ ಜಂತಿಗೆ ಸಿಕ್ಕಿಸಿಟ್ಟಿದ್ದಾರೆ. ಯಾರು ಎಷ್ಟು ಕೊಟ್ಟರು ಎಂಬುದನ್ನು ನಮ್ಮ ಕಾಲದ ವಂತಿಗೆ ಪುಸ್ತಕದಲ್ಲಿ ಉಳಿದಿದ್ದ ಖಾಲಿ ರಸೀದಿಗಳ ಹಿಂಬದಿಯಲ್ಲಿ ಬರೆದಿಟ್ಟಿದ್ದರು.